ಮುದ್ದಮ್ಮನ ಬೋಣಿ

ನನ್ನ ರಿಪೇರಿ ಅಂಗಡಿಯ ಗೋಡೆಯ ಮೇಲೆ ದೇವರ ಪಟಕ್ಕಿಂತ ದೊಡ್ಡದೊಂದು ಬೋರ್ಡು ಇದೆ. 'ಕೆಲಸ ಮಾಡುವಾಗ ತಲೆಯ ಮೇಲೆ ನಿಲ್ಲಬೇಡಿ' ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದೇನೆ. ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹೆಂಗಸೊಬ್ಬಳು ತಂತಿ ಬೆಸೆಯುವ ಸಾಲ್ಡರಿಂಗ್ ಐರನ್ ಹಿಡಿದು ಕೂತಿದ್ದಾಳೆ ಅಂದರೆ ಸುಮ್ಮನೆ ನೋಡುವುದಕ್ಕೇ ಬಂದು ನಿಲ್ಲುವವರಿದ್ದಾರೆ. ಅವರಿಗಾಗಿ ಬರೆಸಿದ್ದು. ಓದಿಯೂ ನಿಲ್ಲುವವರಿಗೆ ನಾನೇ ಬಾಯಿಬಿಟ್ಟು ಹೇಳುತ್ತೇನೆ, ಸ್ವಲ್ಪ ಜೋರಾಗಿಯೇ. 'ಮಂಜುಶ್ರೀ ಕೈ ಒಳ್ಳೇದು, ಬಾಯಿ ಮಾತ್ರ ಖಾರ' ಎಂದು ಗಲ್ಲಿಯಲ್ಲಿ ಮಾತಿದೆ. ಬಾಯಿಯ ವಿಷಯಕ್ಕೆ ನಾನು ತಲೆ ಕೆಡಿಸಿಕೊಂಡವಳಲ್ಲ. ಕೈಯ ವಿಷಯ ಮಾತ್ರ ಕೇಳಿದಷ್ಟೂ ಖುಷಿ. ನನ್ನ ಕೈಯಲ್ಲಿ ರಿಪೇರಿಯಾಗಿ ಹೋದ ಸರ್ಕಿಟ್ ಬೋರ್ಡು ವಾಪಸ್ ಬಂದದ್ದಿಲ್ಲ ಎಂದು ನಾನೇ ಹತ್ತು ಜನರ ಮುಂದೆ ಹೇಳಿಕೊಂಡು ತಿರುಗಿದ್ದೇನೆ.

ಡಿಸೆಂಬರಿನ ಒಂದು ಗುರುವಾರ ಮಧ್ಯಾಹ್ನ ಲಿಂಗಯ್ಯನವರು ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. ಹಲಗೂರಿನಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಆಲದಕಟ್ಟೆಯ ಹಾಲಿನ ಡೈರಿಗೆ ಅವರು ಕಾರ್ಯದರ್ಶಿ. ಎರಡು ತಿಂಗಳ ಹಿಂದೆ ಅವರ ಡೈರಿಯ ಹಾಲು ಪರೀಕ್ಷೆ ಮಾಡುವ ಮಿಷೀನನ್ನು ನಾನು ರಿಪೇರಿ ಮಾಡಿಕೊಟ್ಟಿದ್ದೆ. ಮತ್ತೇನು ಕೆಟ್ಟಿತೋ ಅಂದುಕೊಂಡೆ. ಆದರೆ ಅವರ ಕೈಚೀಲದಿಂದ ಹೊರಗೆ ಬಂದದ್ದು ಮಿಷೀನಲ್ಲ, ಒಂದು ಬಾಟಲಿ ತುಪ್ಪ.

"ತಗಳಮ್ಮ, ಮನೇಲಿ ಕಾಸಿದ್ದು. ನೀವು ಮಾಡ್ಕೊಟ್ಟ ಮಿಸೀನು ಕಳ್ಳೀನ ಇಡ್ದು ಕೊಡ್ತು. ನಿಮ್ ಕೈಗೆ ಏನಾರ ಕೊಡ್ಲೇಬೇಕು ಅಂತ ತಂದೆ."

"ಯಾವ ಕಳ್ಳಿ?"

"ಮುದ್ದಮ್ಮ. ನಮ್ಮ ಬೋಣಿ ಮುದ್ದಮ್ಮ ಕಣಮ್ಮ. ಆಲ್ಗೆ ನೀರು ಬೆರಸ್ತಾವ್ಳೆ."

ಮುದ್ದಮ್ಮ ನನಗೆ ಗೊತ್ತು. ರಿಪೇರಿ ಆದ ಮಾರನೇ ದಿನ ಸಂಜೆ ಮಿಷೀನಿನ ಸೆಟ್ಟಿಂಗು ನೋಡಲು ನಾನು ಆಲದಕಟ್ಟೆಗೆ ಹೋಗಿದ್ದೆ. ಅರವತ್ತರ ಆಸುಪಾಸಿನ ಹೆಂಗಸು, ಒಣಗಿದ ಕೈಕಾಲು, ಸೊಸೆಯ ಜೊತೆ ಬಂದಿದ್ದಳು. ನನ್ನ ಮುಖ ನೋಡಿದವಳೇ "ಎಷ್ಟೊತ್ಗೆ ಉಂಡಿದ್ಯವ್ವ?" ಎಂದು ಕೇಳಿ, ಸೊಸೆಯನ್ನು ಮನೆಗೆ ಕಳಿಸಿ ರೊಟ್ಟಿ ತರಿಸಿ, ನಾನು ತಿಂದು ಮುಗಿಸುವ ತನಕ ಎದುರಿಗೇ ನಿಂತಿದ್ದಳು. ಊರಿನವರು ಅವಳನ್ನು ಬೋಣಿ ಮುದ್ದಮ್ಮ ಎಂದು ಯಾಕೆ ಕರೆಯುತ್ತಾರೆ ಎಂದು ಅಂದು ಲಿಂಗಯ್ಯನವರೇ ಹೇಳಿದ್ದರು. ಡೈರಿ ಶುರುವಾದ ದಿನ ಮೊದಲ ಹಾಲು ಹಾಕಿದವಳು ಅವಳು. ಅವಳ ಕೈಗುಣ ಒಳ್ಳೆಯದು, ಅವಳು ಮೊದಲು ಹಾಕಿದರೆ ಆ ಹೊತ್ತಿನ ಹಾಲು ಕೆಡುವುದಿಲ್ಲ ಎಂಬ ನಂಬಿಕೆ. ಹದಿನಾಲ್ಕು ವರ್ಷದಿಂದ ಎರಡು ಹೊತ್ತೂ ಮೊದಲ ಹಾಲು ಅವಳದೇ.

"ಮುದ್ದಮ್ಮ ನೀರು ಬೆರೆಸೋದಾ?" ಎಂದೆ.

"ನಂಗೂ ನಂಬಕಾಗ್ನಿಲ್ಲ. ಮಿಸೀನು ಸುಳ್ಳೇಳ್ತದಾ? ದಿನಾ ಬೆಳಿಗ್ಗೆ ನೀರು ಅನ್ನೆಲ್ಡು, ಅದ್ನಾಕು ಅಂತ ತೋರುಸ್ತದೆ. ಕಮಿಟಿ ಮಹದೇವು ಎದ್ದು ನಿಂತ್ಕಂಡು ಎಲ್ಲಾರ್ ಮುಂದೆ ಕೇಳ್ಬುಟ್ಟ. ಅವ್ಳು ಒಂದು ಮಾತು ಆಡ್ನಿಲ್ಲ. ಇಲ್ಲ ಅನ್ನಿಲ್ಲ, ಊ ಅನ್ನಿಲ್ಲ, ತಲೆ ತಗ್ಗಿಸ್ಕಂಡು ಓದ್ಲು. ತಪ್ಪು ಒಪ್ಕೊಂಡಂಗೆ ಅಲ್ವಾ ಅದು? ಭಾನುವಾರ ಮೀಟಿಂಗದೆ. ಡೈರಿಯಿಂದ ಅವ್ಳ ಎಸ್ರು ತಗ್ದಾಕ್ಬುಡ್ತಾರೆ."

"ಬೆಳಿಗ್ಗೆ ಮಾತ್ರ ನೀರು ತೋರಿಸುತ್ತಾ? ಸಂಜೆ?"

"ಸಂಜೆ ಸರ್ಯಾಗೆ ಇರ್ತದೆ. ಬೆಳಿಗ್ಗೆ ಕತ್ಲಲ್ಲಿ ಬೆರಸ್ತಾಳೆ ಅಂತ ಮಹದೇವು ಅಂತಾನೆ."

"ಯಾವಾಗಿನಿಂದ?"

"ಚಳಿ ಸುರುವಾದಾಗಿಂದ ಅನ್ಕಳಿ."

ನನ್ನ ಕೈಯಲ್ಲಿದ್ದ ಐರನ್ನನ್ನು ಸ್ಟ್ಯಾಂಡಿಗೆ ಇಟ್ಟೆ. ಚಳಿಯಲ್ಲಿ ಕೆಟ್ಟು ಬಿಸಿಯಲ್ಲಿ ಸರಿಹೋಗುವ ರೋಗ ಎಮ್ಮೆಯ ಹಾಲಿಗೆ ಬರುವುದಿಲ್ಲ, ಮಿಷೀನಿನೊಳಗಿನ ಬೋರ್ಡಿಗೆ ಬರುತ್ತದೆ. ಲಿಂಗಯ್ಯನವರು ಇನ್ನೂ ಏನೇನೋ ಹೇಳುತ್ತಿದ್ದರು. ನನಗೆ ಆ ತುಪ್ಪದ ಬಾಟಲಿಯ ಕಡೆ ನೋಡುವುದಕ್ಕೂ ಆಗಲಿಲ್ಲ.

ಅವರು ಹೋದ ಮೇಲೆ ಎರಡು ತಿಂಗಳ ಹಿಂದಿನ ಆ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಕಣ್ಣ ಮುಂದೆ ಬಂದು ನಿಂತಿತು.

ಆ ಮಿಷೀನೆಂದರೆ ಒಂದು ಸಣ್ಣ ಪೆಟ್ಟಿಗೆ, ಅದಕ್ಕೊಂದು ಕೊಳವೆ. ಲೋಟದಲ್ಲಿ ಹಾಲು ಹಿಡಿದರೆ ಒಂದು ಗುಟುಕು ಹೀರಿಕೊಂಡು, ಫ್ಯಾಟು ಎಷ್ಟು, ನೀರು ಬೆರೆತಿದ್ದರೆ ನೂರಕ್ಕೆ ಎಷ್ಟು ಎಂದು ಅಂಕಿ ತೋರಿಸುತ್ತದೆ. ಅಂದು ಅದರೊಳಗಿನ ಒಂದು ತಂತಿಯ ಕನೆಕ್ಷನ್ನು ಬಿಟ್ಟುಹೋಗಿತ್ತು. ಅದನ್ನು ಬೆಸೆಯಬೇಕಾದರೆ ಪಕ್ಕದಲ್ಲಿ ಅಡ್ಡ ಕೂತಿದ್ದ ಒಂದು ಕೆಪಾಸಿಟರನ್ನು, ಕರೆಂಟು ಹಿಡಿದಿಡುವ ಸಣ್ಣ ಬಿಡಿಭಾಗವನ್ನು, ಕೀಳಬೇಕಾಯಿತು. ಸೆರಾಮಿಕ್ ಕೆಪಾಸಿಟರು, ಅಂದರೆ ಪಿಂಗಾಣಿ ಜಾತಿಯದು. ಅಕ್ಕಿ ನುಚ್ಚಿನಷ್ಟು ಗಾತ್ರ, ಕಂದು ಬಣ್ಣ, ಒಳಗೆ ಚಿರೋಟಿಯ ಹಾಗೆ ಪದರದ ಮೇಲೆ ಪದರ.

ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಮದುವೆಗೆ ಮುಂಚೆ ಮೈಸೂರಿನ ಫ್ಯಾಕ್ಟರಿಯೊಂದರಲ್ಲಿ ಆರು ವರ್ಷ ಬೋರ್ಡು ಬೆಸೆಯುವ ಕೆಲಸವನ್ನೇ ಮಾಡಿದವಳು ನಾನು. ಅಲ್ಲಿ ಕಲಿಸಿದವರು ವೀಣ ಮೇಡಂ. "ಕಾದ ಪಿಂಗಾಣಿ ಬಟ್ಟಲಿಗೆ ತಣ್ಣೀರು ಸುರೀತೀರಾ? ಇದೂ ಹಾಗೇ" ಎನ್ನುತ್ತಿದ್ದರು. ಐರನ್ನಿನ ತುದಿಯನ್ನು ಅದರ ಮೈಗೆ ತಾಕಿಸಬಾರದು. ಬೋರ್ಡನ್ನು ಮೊದಲು ನಿಧಾನಕ್ಕೆ ಬೆಚ್ಚಗೆ ಮಾಡಿಕೊಳ್ಳಬೇಕು. ಒಮ್ಮೆ ಕಿತ್ತದ್ದನ್ನು ಮತ್ತೆ ಹಾಕಬಾರದು, ಹೊಸದೇ ಹಾಕಬೇಕು. ಬೆಸೆದ ಮೇಲೆ ತಾನಾಗಿಯೇ ಆರುವ ತನಕ ಕಾಯಬೇಕು, ಊದಬಾರದು. ಈ ಊದಬಾರದು ಎನ್ನುವುದನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಯಾಕೆಂದರೆ ನಾವು ಮಂಡ್ಯದ ಕಡೆಯ ಹುಡುಗಿಯರು ಊದುವುದನ್ನು ಬಿಡುತ್ತಲೇ ಇರಲಿಲ್ಲ. ಒಲೆ ಊದಿ ಬೆಳೆದವರು. ಬಿಸಿ ಮುದ್ದೆ ಮುರಿದರೆ ಊದುತ್ತೇವೆ, ಮಗುವಿನ ಮಂಡಿ ತರಚಿದರೆ ಊದುತ್ತೇವೆ. ಕೈಯಲ್ಲಿ ಬಿಸಿಯದು ಏನೇ ಇರಲಿ, ಬಾಯಿ ತಾನಾಗಿ ಮುಂದೆ ಹೋಗುತ್ತದೆ.

ಅಂದು ಲಿಂಗಯ್ಯನವರು ಗೋಡೆಯ ಬೋರ್ಡಿನಲ್ಲಿ ಬರೆದದ್ದನ್ನು ಓದಿ, ಓದಿದ ಮೇಲೂ ನನ್ನ ತಲೆಯ ಮೇಲೆಯೇ ನಿಂತಿದ್ದರು. "ಮೂರೂ ಕಾಲರ ಬಸ್ಸು ಓಗ್ಬುಟ್ರೆ ಸಂಜೆ ಆಲು ಎಂಗಮ್ಮ ತಗೊಳ್ಳದು" ಎಂದು ನಿಮಿಷಕ್ಕೊಂದು ಸಲ ಹೇಳಿದರು. ನನಗೆ ಸಿಟ್ಟು ಬಂತು. ಹೊಸ ಕೆಪಾಸಿಟರಿನ ಪೊಟ್ಟಣ ಹುಡುಕಲು ಬೀರು ತೆಗೆಯಬೇಕಿತ್ತು, ತೆಗೆಯಲಿಲ್ಲ. ಕಿತ್ತಿದ್ದನ್ನೇ ಚಿಮಟದಲ್ಲಿ ಎತ್ತಿ ಇಟ್ಟೆ. ತಣ್ಣಗಿದ್ದ ಬೋರ್ಡಿನ ಮೇಲೆ ಕಾದ ಐರನ್ನು ನೇರವಾಗಿ ಒತ್ತಿದೆ. ಆಮೇಲೆ ಉಫ್ ಎಂದು ಎರಡು ಸಲ ಊದಿ, ಮುಚ್ಚಳ ಹಾಕಿ, "ತಗೊಂಡು ಹೋಗಿ, ಬಸ್ಸು ಸಿಗುತ್ತೆ" ಎಂದೆ. ಮಿಷೀನು ಚೆನ್ನಾಗಿಯೇ ನಡೆಯಿತು. ಮಾರನೇ ದಿನ ಸಂಜೆ ಹೋಗಿ ನೋಡಿದಾಗಲೂ ಸರಿಯಾಗಿತ್ತು. ನಾನು ಮರೆತೇಬಿಟ್ಟೆ.

ಈಗ ಲೆಕ್ಕ ಹಾಕಿದರೆ ಎಲ್ಲ ಕೂಡಿ ಬರುತ್ತಿತ್ತು. ಆ ನುಚ್ಚಿನೊಳಗೆ ಕೂದಲೆಳೆಯಷ್ಟು ಬಿರುಕು ಬಿದ್ದಿರಬೇಕು. ಬೆಳಗಿನ ಚಳಿಗೆ ಬಿರುಕು ಬಾಯಿ ಬಿಡುತ್ತದೆ, ಮಿಷೀನು ಒಂದಿಷ್ಟು ಹೊತ್ತು ನಡೆದು ಕಾವೇರಿದ ಮೇಲೆ ಮುಚ್ಚಿಕೊಳ್ಳುತ್ತದೆ. ಸಂಜೆ ಡೈರಿಯ ಶೀಟಿನ ಮನೆ ಬಿಸಿಲಿಗೆ ಕಾದಿರುತ್ತದೆ, ಆಗ ತೊಂದರೆಯಿಲ್ಲ. ತಣ್ಣಗಿರುವ ಮಿಷೀನಿಗೆ ದಿನಾ ಬೆಳಿಗ್ಗೆ ಮೊದಲು ಸಿಗುವ ಹಾಲು ಒಬ್ಬಳದೇ. ಊರು ಯಾವ ಮರ್ಯಾದೆ ಕೊಟ್ಟು ಅವಳನ್ನು ಮುಂದೆ ನಿಲ್ಲಿಸಿತ್ತೋ, ಅದೇ ಅವಳ ಕುತ್ತಿಗೆಗೆ ಬಂದಿತ್ತು.

ಸಂಜೆ ಮನೆಯಲ್ಲಿ ಗಂಡ ಸಿದ್ದರಾಜುವಿಗೆ ಎಲ್ಲ ಹೇಳಿದೆ. ಅವನು ಖಾಸಗಿ ಬಸ್ಸಿನ ಕಂಡಕ್ಟರು, ಗಲಾಟೆಗಳನ್ನು ತಣ್ಣಗೆ ಮಾಡುವುದರಲ್ಲಿ ಪಳಗಿದವನು.

"ಅದುಕ್ಯಾಕ್ ಮುಖ ಊದಿಸ್ಕಂಡಿದ್ದೀಯ? ಬೆಳಿಗ್ಗೆ ಓಗು, ಸರ್ವೀಸು ಅನ್ನು, ಪಾರ್ಟು ಬದಲಾಯ್ಸು, ಬಾ. ಅವ್ರ ಆಲು ಸರಿಹೋಯ್ತದೆ, ನಿನ್ ಎಸ್ರೂ ಉಳ್ಕತದೆ."

"ಅವಳ ಹೆಸರು?"

"ನಾಕು ದಿನ ಸರ್ಯಾಗಿ ಬಂದ್ರೆ ಮರೀತಾರೆ ಬುಡು."

"ಮರೀತಾರೆ ಅಲ್ಲ. ಸಿಕ್ಕಿಬಿದ್ದ ಮೇಲೆ ನೀರು ಹಾಕೋದು ನಿಲ್ಲಿಸಿದಳು ಅಂತಾರೆ."

"ಅದೂ ನಿಜವೇಯ" ಎಂದ. ನಾನು ಹೊಸ ಕೆಪಾಸಿಟರುಗಳ ಪೊಟ್ಟಣ, ಐರನ್ನು, ಬಿಸಿಗಾಳಿಯ ಗನ್ನು, ಭೂತಗನ್ನಡಿ ಎಲ್ಲವನ್ನೂ ಚೀಲಕ್ಕೆ ತುಂಬಿದೆ. ತುಪ್ಪದ ಬಾಟಲಿಯನ್ನೂ ಇಟ್ಟೆ.

ಶುಕ್ರವಾರ ಬೆಳಿಗ್ಗೆ ಸ್ಕೂಟಿಯಲ್ಲಿ ಆಲದಕಟ್ಟೆ ಮುಟ್ಟಿದಾಗ ಆರೂವರೆಗೆ ಐದು ನಿಮಿಷ ಇತ್ತು. ಸ್ವೆಟರಿನ ಮೇಲೆ ಶಾಲು ಹೊದ್ದಿದ್ದರೂ ಬೆರಳು ಮರಗಟ್ಟಿದ್ದವು. ಡೈರಿಯ ಮುಂದೆ ಇಪ್ಪತ್ತು, ಇಪ್ಪತ್ತೈದು ಜನ ಕ್ಯಾನು ಹಿಡಿದು ನಿಂತಿದ್ದರು. ಒಳಗೆ ಲಿಂಗಯ್ಯನವರು ಮಂಕಿ ಟೋಪಿ ಹಾಕಿಕೊಂಡು ಮಿಷೀನಿನ ಮುಂದೆ ಕೂತಿದ್ದರು. ನನ್ನನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು. ಮಿಷೀನಿನ ಲೈಟು ಇನ್ನೂ ಹತ್ತಿರಲಿಲ್ಲ.

"ಯಾಕೆ ಆನ್ ಮಾಡಿಲ್ಲ?" ಎಂದು ಕೇಳಿದೆ.

"ಮುದ್ದಮ್ಮ ಬರ್ಲಿ ಅಂತ."

"ಅವಳನ್ನ ಕಳ್ಳಿ ಅಂತೀರಿ. ಬೋಣಿ ಮಾತ್ರ ಅವಳ ಕೈಯಲ್ಲೇ ಆಗಬೇಕಾ?"

"ಅದೇ ಬ್ಯಾರೆ, ಇದೇ ಬ್ಯಾರೆ ಕಣಮ್ಮ" ಎಂದರು ಲಿಂಗಯ್ಯನವರು, ನನಗೆ ಇಷ್ಟೂ ತಿಳಿಯದೆ ಎನ್ನುವ ಹಾಗೆ. "ನೀರು ಆಕದು ಅವ್ಳ ಬುದ್ಧಿ. ಕೈಗುಣ ಅನ್ನದು ದೇವ್ರು ಕೊಟ್ಟಿದ್ದು. ಓದ್ ವರ್ಸ ಅವ್ಳಿಗೆ ಜ್ವರ ಬಂದಾಗ ಬ್ಯಾರೆಯೋರು ಮೊದ್ಲು ಆಕುದ್ರು, ಅವತ್ತೇ ಅಷ್ಟೂ ಆಲು ಒಡ್ದೋಯ್ತು. ಭಾನುವಾರ ಅವ್ಳ ಎಸ್ರು ತಗುದ್ಮೇಲೆ ಏನ್ ಗತಿ ಅಂತ ನಂಗೂ ಯೋಚ್ನೆ ಆಗದೆ."

ನನಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಮುದ್ದಮ್ಮ ಬಂದಳು. ಹೋದ ಸಲ ಕ್ಯಾನು ಸೊಸೆಯ ಕೈಯಲ್ಲಿತ್ತು, ಈ ಸಲ ಅವಳೇ ಹೊತ್ತಿದ್ದಳು. ಸೊಸೆ ದೀಪಿಕ ನಾಲ್ಕು ಮಾರು ಹಿಂದೆ ಬರಿಗೈಯಲ್ಲಿ ಬಂದು ಬೇವಿನ ಮರದ ಕೆಳಗೆ ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಜನ ಮುದ್ದಮ್ಮನಿಗೆ ಜಾಗ ಬಿಟ್ಟರು, ಆದರೆ ಯಾರೂ ಮಾತಾಡಿಸಲಿಲ್ಲ. ಅವಳಾದರೂ ನನ್ನನ್ನು ಕಂಡು "ಇಷ್ಟ್ ಚಳೀಲಿ ಬಂದಿದ್ದೀಯಲ್ಲವ್ವ" ಎಂದಳು. ಆ ಮಾತು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು.

ಲಿಂಗಯ್ಯನವರು ಸ್ವಿಚ್ಚಿನ ಕಡೆ ಕೈ ಚಾಚಿದರು. ನಾನು ಅವರ ಕೈ ತಡೆದೆ.

"ಇವತ್ತು ಒಂದು ದಿನ ಬೇರೆಯವರು ಮೊದಲು ಹಾಕಲಿ. ನಾನು ಒಂದು ವಿಷಯ ನೋಡಬೇಕು. ಮುದ್ದಮ್ಮನ ಕ್ಯಾನು ಇಲ್ಲೇ ಎಲ್ಲರ ಕಣ್ಣ ಮುಂದೆ ಇರಲಿ, ಹತ್ತನೆಯವಳಾಗಿ ಹಾಕಲಿ."

ಸಾಲಿನಲ್ಲಿ ಗುಜುಗುಜು ಎದ್ದಿತು. ಅಂಕಮ್ಮ ಎನ್ನುವ ಮುದುಕಿ "ನಾನಂತೂ ಆಕಾಕಿಲ್ಲ, ಒಡ್ದೋದ್ರೆ ನನ್ ತಲೇಗ್ ಬತ್ತದೆ" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದಿನವರೂ ಸರಿದರು. ಆಗ ಕಮಿಟಿ ಮಹದೇವು ಮುಂದೆ ಬಂದ. ಇಸ್ತ್ರಿ ಮಾಡಿದ ಬಿಳಿ ಷರಟು, ಹೊಳೆಯುವ ಸ್ಟೀಲ್ ಕ್ಯಾನು. ಹದಿನಾಲ್ಕು ವರ್ಷ ಎರಡನೆಯವನಾಗಿ ನಿಂತು ಅವನಿಗೆ ಸಾಕಾಗಿತ್ತು ಅಂತ ಕಾಣುತ್ತದೆ.

"ನಾನ್ ಆಕ್ತೀನಿ. ಕೈಗುಣ ಅನ್ನದು ಒಬ್ರಿಗೆ ಬರ್ಕೊಟ್ಟವ್ರಾ? ಸುದ್ದವಾದ ಆಲು ಎಂಗಿರ್ತದೆ ಅಂತ ಇವತ್ತು ನೋಡ್ಲಿ ಎಲ್ಲಾರೂವೆ."

ಲಿಂಗಯ್ಯನವರು ಮನಸ್ಸಿಲ್ಲದ ಮನಸ್ಸಿನಿಂದ ಸ್ವಿಚ್ಚು ಒತ್ತಿದರು. ಹಸಿರು ದೀಪ ಬಂದ ಕೂಡಲೇ ಮಹದೇವುವಿನ ಹಾಲನ್ನು ಲೋಟದಲ್ಲಿ ಹಿಡಿದರು. ಮಿಷೀನು ಗುರ್ರೆಂದು ಹೀರಿಕೊಂಡಿತು. ನಾನು ಅಂದುಕೊಂಡದ್ದು ತಪ್ಪಾಗಿದ್ದರೆ ಮುದ್ದಮ್ಮನಿಗಾಗಿ ನಾನು ಮಾಡಬಹುದಾದದ್ದು ಮತ್ತೇನೂ ಇರಲಿಲ್ಲ. ನಿಮಿಷ ಕಳೆದು ಅಂಕಿ ಬಂತು. ಲಿಂಗಯ್ಯನವರು ಕನ್ನಡಕ ಏರಿಸಿ ನೋಡಿದರು, ಒರೆಸಿಕೊಂಡು ಮತ್ತೆ ನೋಡಿದರು.

"ಎಷ್ಟ್ ಬಂತು?" ಎಂದ ಮಹದೇವು.

"ನೀರು ಅದ್ನೈದು."

ಅಂಕಮ್ಮ ಕಿಸಕ್ಕೆಂದಳು. ಸಾಲು ಪೂರ್ತಿ ನಗೆಯಲ್ಲಿ ಮುಳುಗಿತು.

"ಲೇ ಮಹದೇವಾ, ಮುದ್ದಮ್ಮುನ್ನೂ ಮೀರುಸ್ಬುಟ್ಟಲ್ಲೋ" ಎಂದು ಹಿಂದಿನಿಂದ ಒಬ್ಬ ಕೂಗಿದ.

ಮಹದೇವುವಿನ ಮುಖ ಕೆಂಪಾಯಿತು. "ಮಿಸೀನ್ ಕೆಟ್ಟೋಗದೆ. ನನ್ ಅಸ ಕರ್ದಿದ್ದು ನಾನೇಯ. ಒಂದ್ ತೊಟ್ಟು ನೀರಿಲ್ಲ, ಬೇಕಾದ್ರೆ ಆಣೆ ಮಾಡ್ತೀನಿ" ಎಂದ.

"ಆಣೆ ಬೇಡ ಮಹದೇವಣ್ಣ. ನಿಮ್ಮ ಹಾಲಲ್ಲಿ ನೀರಿಲ್ಲ ಅಂತ ನನಗೆ ಗೊತ್ತು. ಸ್ವಲ್ಪ ಹೊತ್ತು ನಿಂತುಕೊಳ್ಳಿ" ಎಂದೆ.

ಎರಡನೆಯವರಿಗೆ ನೀರು ಎರಡು ಬಂತು, ಯಾರೂ ಲೆಕ್ಕಕ್ಕೆ ಹಿಡಿಯದಷ್ಟು. ಮೂರನೆಯವರಿಗೆ ಒಂದು. ನಾಲ್ಕನೆಯವರಿಂದ ಸೊನ್ನೆ. ಮುದ್ದಮ್ಮನ ಸರದಿ ಬಂದಾಗ ಹೊರಗೆ ಬಿಸಿಲು ಬಿದ್ದಿತ್ತು, ಯಾರೂ ಮನೆಗೆ ಹೋಗಿರಲಿಲ್ಲ. ಲಿಂಗಯ್ಯನವರು ಅವಳ ಹಾಲನ್ನು ಹಿಡಿದರು. ನೀರು ಸೊನ್ನೆ. ಫ್ಯಾಟು ಅಲ್ಲಿಯವರೆಗೆ ಬಂದವರೆಲ್ಲರಿಗಿಂತ ಹೆಚ್ಚು. ಮಹದೇವುವಿನ ಹಾಲನ್ನು ಇನ್ನೊಮ್ಮೆ ಹಿಡಿದರೆ ಅದಕ್ಕೂ ಸೊನ್ನೆ ಬಂತು.

ಲಿಂಗಯ್ಯನವರಿಗೆ ಆಗ ಹೊಳೆಯಿತು. "ಅಂಗಾದ್ರೆ ಇಷ್ಟ್ ದಿನ ತಪ್ಪು ತೋರುಸ್ತಿದ್ದುದ್ದು ಮಿಸೀನಾ?" ಎಂದು ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಮಹದೇವು "ಕಂಪ್ನಿಯೋರು ಮೋಸ ಮಾಡವ್ರೆ, ಕಂಪ್ಲೇಂಟ್ ಕೊಡಾನ" ಎಂದು ಶುರುಮಾಡಿದ. ಹೌದು ಎಂದು ಸುಮ್ಮನೆ ತಲೆಯಾಡಿಸಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಮುದ್ದಮ್ಮನ ಮೇಲಿನ ಆಪಾದನೆ ಹೋಗಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ನಿಜ ಹೇಳುತ್ತೇನೆ, ಒಂದು ಕ್ಷಣ ನಾಲಿಗೆ ಆ ಕಡೆಗೇ ಹೊರಳಿತ್ತು. ಆದರೆ ನನಗೆ ರೊಟ್ಟಿ ತಿನ್ನಿಸಿದವಳು ಎದುರಿಗೇ ನಿಂತಿದ್ದಳು.

"ಕಂಪನಿಯವರಲ್ಲ. ನಾನು" ಎಂದೆ.

ಮಿಷೀನಿನ ಮುಚ್ಚಳ ಬಿಚ್ಚಿ, ಬೋರ್ಡನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿಯನ್ನು ಮೊದಲು ಲಿಂಗಯ್ಯನವರಿಗೆ ಕೊಟ್ಟೆ. ನುಚ್ಚಿನಷ್ಟು ಕಂದು ತುಂಡಿನ ಅಂಚಿನಲ್ಲಿ ಒಂದು ಗೆರೆ, ಕೂದಲಿಗಿಂತ ಸಣ್ಣದು. ಅಂದು ನಾನು ಹೇಗೆ ಅವಸರ ಮಾಡಿದೆ, ಕಿತ್ತದ್ದನ್ನೇ ಹೇಗೆ ಮತ್ತೆ ಇಟ್ಟೆ, ಹೇಗೆ ಊದಿದೆ ಎಲ್ಲವನ್ನೂ ಹೇಳಿದೆ. ಲಿಂಗಯ್ಯನವರು ತಲೆಯ ಮೇಲೆ ನಿಂತಿದ್ದದ್ದನ್ನು ಮಾತ್ರ ಬಿಟ್ಟೆ. ಅವರಿಗೆ ಅದು ಗೊತ್ತಾಯಿತು ಅಂತ ಕಾಣುತ್ತದೆ, ಮಂಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಜನ ಒಬ್ಬೊಬ್ಬರಾಗಿ ಬಂದು ಗಾಜಿನಲ್ಲಿ ಇಣುಕಿ ನೋಡಿದರು. ಅಂಕಮ್ಮ ತುಂಬ ಹೊತ್ತು ನೋಡಿ, "ಇಷ್ಟೇ ಇಷ್ಟ್ ಬಿರುಕು ಒಂದು ಸಂಸಾರದ ಮಾನ ತಗೀತಿತ್ತಲ್ಲಪ್ಪ" ಎಂದಳು. ಎಲ್ಲರಿಗಿಂತ ಕೊನೆಗೆ ಮಹದೇವು ನೋಡಿದ.

ಹೊಸ ಕೆಪಾಸಿಟರನ್ನು ಅಲ್ಲೇ ಹಾಕಿದೆ. ಈ ಸಲ ಬಿಸಿಗಾಳಿಯನ್ನು ದೂರದಿಂದ ಬಿಟ್ಟು ಬೋರ್ಡು ಮುಟ್ಟಿದರೆ ಬೆಚ್ಚಗೆ ಅನ್ನಿಸುವ ತನಕ ಕಾದೆ. ಪೊಟ್ಟಣದಿಂದ ಪ್ಲಾಸ್ಟಿಕ್ ಚಿಮಟದಲ್ಲಿ ನುಚ್ಚನ್ನು ಎತ್ತಿ, ಗಟ್ಟಿಯಾಗಿ ಹಿಚುಕದೆ ಕೂರಿಸಿದೆ. ಐರನ್ನಿನ ತುದಿಯನ್ನು ಪಕ್ಕದ ತವರಕ್ಕೆ ಮಾತ್ರ ತಾಕಿಸಿದೆ. ತವರ ಕರಗಿ ತಾನಾಗಿ ಹರಿದು ಅದರ ಅಂಚನ್ನು ಹಿಡಿಯಿತು. ಇನ್ನೊಂದು ಬದಿಗೂ ಹಾಗೇ ಮಾಡಿದೆ. ಇಪ್ಪತ್ತೈದು ಜನ ನನ್ನ ತಲೆಯ ಮೇಲೆ ನಿಂತಿದ್ದರು, ಅಂದು ಮಾತ್ರ ನಾನು ಯಾರಿಗೂ ಬೈಯಲಿಲ್ಲ. ಐರನ್ನು ತೆಗೆದ ಕೂಡಲೇ ಲಿಂಗಯ್ಯನವರು ಬಗ್ಗಿ, ತುಟಿ ಮುಂದೆ ಮಾಡಿ, ಇನ್ನೇನು ಊದಬೇಕು.

"ಊದಬೇಡಿ" ಎಂದೆ. ಇದು ಸ್ವಲ್ಪ ಜೋರಾಗಿಯೇ ಬಂತು.

ಅವರು ಬಾಯಿ ಮುಚ್ಚಿಕೊಂಡು ಹಿಂದೆ ಸರಿದರು. ಹತ್ತು ನಿಮಿಷ ಎಲ್ಲರೂ ಹಾಗೇ ಕಾದೆವು. ಕೆಮ್ಮು ಬಂದವನೊಬ್ಬ ಹೊರಗೆ ಹೋಗಿ ಕೆಮ್ಮಿ ಬಂದ. ಆಮೇಲೆ ಮುಚ್ಚಳ ಹಾಕಿ, ಮಿಷೀನನ್ನು ಹಿತ್ತಿಲ ನೆರಳಿನ ಚಳಿಯಲ್ಲಿ ಅರ್ಧ ಗಂಟೆ ಇಟ್ಟು ತಣ್ಣಗೆ ಮಾಡಿ, ತಂದು ಆನ್ ಮಾಡಿದೆವು. ಮೊದಲ ಹಾಲು ಮುದ್ದಮ್ಮನದು. ನೀರು ಸೊನ್ನೆ. ಲಿಂಗಯ್ಯನವರು ಅಂಕಿಯನ್ನು ಗಟ್ಟಿಯಾಗಿ ಓದಿ, "ಭಾನುವಾರ ಮೀಟಿಂಗು ಇರಾಕಿಲ್ಲ" ಎಂದರು. ನನ್ನ ಎದೆಯ ಮೇಲಿನ ಚಪ್ಪಡಿ ಇಳಿಯಿತು. ಅಲ್ಲೇ ಇದ್ದ ಖಾಲಿ ಕ್ಯಾನಿನ ಮೇಲೆ ಕೂತುಬಿಟ್ಟೆ.

ಮಹದೇವು ಮುದ್ದಮ್ಮನ ಮುಂದೆ ಹೋಗಿ ನಿಂತ. "ಅಕ್ಕಾ, ಅವತ್ತು ಅಂಗಂದಿದ್ದು ನನ್ ತಪ್ಪು" ಎಂದ. ಅವಳು ಅವನ ಕಡೆ ನೋಡಲೇ ಇಲ್ಲ. ಅವಳು ನೋಡುತ್ತಿದ್ದದ್ದು ಬೇವಿನ ಮರದ ಕಡೆ.

ನಾನು ಎದ್ದು ಅವಳ ಹತ್ತಿರ ಹೋಗಿ, "ಇಷ್ಟು ದಿನ ನನ್ನಿಂದ ನೀನು ಮಾತು ಕೇಳಬೇಕಾಯ್ತು. ಬೈದುಬಿಡವ್ವ, ನನಗೂ ಸಮಾಧಾನ ಆಗುತ್ತೆ" ಎಂದೆ.

"ನಿನ್ನ ಯಾಕವ್ವ ಬೈಯ್ಲಿ" ಎಂದಳು ಮುದ್ದಮ್ಮ. ಕಣ್ಣಲ್ಲಿ ನೀರು ತುಂಬಿತ್ತು, ಮುಖ ಮಾತ್ರ ಅರಳಿತ್ತು. "ನಾನ್ ನೀರಾಕಿಲ್ಲ ಅಂತ ನಂಗೊತ್ತಿತ್ತು. ಮಿಸೀನು ಸುಳ್ಳೇಳಾಕಿಲ್ಲ ಅಂತ ಲಿಂಗಯ್ಯ ಅಂದ. ಮನೇಲಿ ಆಲು ಮುಟ್ಟೋರು ಇನ್ಯಾರವ್ರೆ, ಸೊಸೆ ಒಬ್ಳೇಯ. ನಾನ್ ಇಲ್ಲ ಅಂದುದ್ರೆ ಎಲ್ರೂ ಅವ್ಳ ಕಡೆಗೆ ಬೆರಳು ತೋರ್ಸೋರು. ಕಿರುಗಾವಲಿಂದ ಮದ್ವೆಯಾಗಿ ಬಂದು ಇನ್ನೂ ವರ್ಸ ತುಂಬಿಲ್ಲ, ಉಸಿರಾಡಕ್ಕೂ ಎದ್ರೋ ಕೂಸು. ಅದುಕ್ಕೇ ತಲೆ ತಗ್ಗಿಸ್ದೆ. ಆದ್ರೆ ಮಾತಾಡ್ಸಕ್ಕೆ ಮನ್ಸು ಬರ್ನಿಲ್ಲ. ಇಪ್ಪತ್ ದಿನ ಆಯ್ತು, ಒಂದ್ ಮಾತಾಡಿಲ್ಲ."

ಇದನ್ನು ಅವಳು ಗುಟ್ಟಾಗಿ ಹೇಳಲಿಲ್ಲ. ಬೇವಿನ ಮರದ ಕೆಳಗೆ ನಿಂತಿದ್ದ ದೀಪಿಕಳಿಗೂ ಕೇಳಿಸಿತು. ಆ ಹುಡುಗಿ ಓಡಿ ಬರಲಿಲ್ಲ, ಅಳಲೂ ಇಲ್ಲ. ಒಂದೊಂದೇ ಹೆಜ್ಜೆ ಇಟ್ಟು ಬಂದು ಅತ್ತೆಯ ಎದುರು ನಿಂತಳು.

"ನಾನು ನೀವೇ ಆಕ್ತಿದ್ದೀರ ಅಂತ ತಿಳ್ಕಂಡಿದ್ದೆ ಅತ್ತೆ" ಎಂದಳು. "ಕೇಳಿದ್ರೆ ನಿಮ್ಗೆ ಅವಮಾನ ಆಯ್ತದೆ ಅಂತ ಸುಮ್ನಿದ್ದೆ. ನಮ್ಮಮ್ಮಂಗೂ ಏಳಿಲ್ಲ."

ಮುದ್ದಮ್ಮ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು. ಶುರುವಾದ ನಗು ನಿಲ್ಲಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ದೀಪಿಕಳಿಗೂ ನಗು ಬಂತು. ಅಂಕಮ್ಮ ಹಿಂದಿನಿಂದ "ಅತ್ತೆ ಕಳ್ಳಿ ಅಂತ ಸೊಸೆ, ಸೊಸೆ ಕಳ್ಳಿ ಅಂತ ಅತ್ತೆ, ಇಬ್ರೂ ಮುಚ್ಚಿಟ್ಕಂಡು ಕುಂತವ್ರೆ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

ನಾನು ಚೀಲದಿಂದ ತುಪ್ಪದ ಬಾಟಲಿ ತೆಗೆದು ಲಿಂಗಯ್ಯನವರ ಮುಂದೆ ಇಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು. "ಅವತ್ತು ನಾನ್ ನಿಮ್ ತಲೆ ಮೇಲೆ ನಿಂತ್ಕೊಬಾರ್ದಿತ್ತು ಕಣಮ್ಮ" ಎಂದರು. ಮಿಷೀನನ್ನು ಹಾಲು ಬರುವ ಹತ್ತು ನಿಮಿಷ ಮುಂಚೆಯೇ ಆನ್ ಮಾಡಬೇಕು, ಬೋಣಿಗೂ ಸ್ವಿಚ್ಚಿಗೂ ಸಂಬಂಧವಿಲ್ಲ ಎಂದು ಅವರಿಗೆ ಎರಡು ಸಲ ಹೇಳಿದೆ. ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ದೇವರೇ ಬಲ್ಲ.

ಸ್ಕೂಟಿ ತಿರುಗಿಸುತ್ತಿದ್ದಾಗ ಮುದ್ದಮ್ಮ ಮತ್ತು ದೀಪಿಕ ಎದುರಿನಲ್ಲೇ ಹೊರಟಿದ್ದರು. ಖಾಲಿ ಕ್ಯಾನು ಮುದ್ದಮ್ಮನ ಕೈಯಲ್ಲಿತ್ತು. ನಾಲ್ಕು ಹೆಜ್ಜೆ ನಡೆದವಳು ನಿಂತು, ಅದನ್ನು ಸೊಸೆಯ ಕೈಗೆ ಕೊಟ್ಟಳು.

"ತಗೊ" ಎಂದಳು. "ನಾಳೆಯಿಂದ ಬೋಣಿ ನಿನ್ ಕೈಲಿ."